ಪಂಕ್ಚರ್ ಮುಳ್ಳಿನ ಕಷಾಯ

ಮೊನ್ನೆ ತೊಟ್ಟಿಲಿನ ಕೊಂಡಿ ಹುಡುಕಲು ಅಟ್ಟ ಹತ್ತಿದ್ದೆ. "ಈ ವಯಸ್ಸಲ್ಲಿ ಏಣಿ ಹತ್ತಬ್ಯಾಡಿ ಅಂದ್ರೆ ಕೇಳಲ್ವಲ್ಲ" ಎಂದು ನನ್ನ ಹೆಂಡತಿ ಗೌರಮ್ಮ ಕೆಳಗಿನಿಂದ ಕೂಗುತ್ತಲೇ ಇದ್ದಳು. ಬೇಡ ಅಂದರೆ ಇನ್ನೊಂದು ಮೆಟ್ಟಿಲು ಹೆಚ್ಚಿಗೆ ಹತ್ತುವವನು ನಾನು. ಅದೂ ಅಲ್ಲದೆ ಸಮಾಚಾರವೇ ಅಂಥದ್ದು. ನನ್ನ ಮಗಳು ಸುಜಾತ ಹೆತ್ತಿದ್ದಾಳೆ. ಹೆಣ್ಣು ಮಗು. ನನ್ನ ಮೊದಲನೆಯ ಮೊಮ್ಮಗಳು. ತುಮಕೂರಿನ ಶಿರಾ ಗೇಟಿನಲ್ಲಿ ಎದುರಿಗೆ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಕನ್ನಡ ಬಾರದ ಒಬ್ಬ ಲಾರಿ ಡ್ರೈವರಿಗೆ ಎರಡು ಕೈಯಲ್ಲಿ ಗಾಳಿಯನ್ನೇ ತೂಗಿ ತೋರಿಸಿದೆ. ಅವನು ನನಗೇನೋ ಸೊಂಟ ಹಿಡಿದಿದೆ ಅಂದುಕೊಂಡು ಒಂದು ಮುಲಾಮು ಕೊಟ್ಟು ಹೋದ. ಇರಲಿ, ಈಗ ನಿಮಗೂ ಹೇಳಿದಂತಾಯಿತು.

ಅಟ್ಟದಲ್ಲಿ ಕೊಂಡಿಗೆ ಮೊದಲು ಕೈಗೆ ಸಿಕ್ಕಿದ್ದು ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಒಂದು ಗಾಜಿನ ನಳಿಕೆ. ಬೆರಳಿನಷ್ಟು ದಪ್ಪ, ಬುಡವೆಲ್ಲ ಹೊಗೆ ಹಿಡಿದು ಕಪ್ಪು. ಅದನ್ನು ಅಂಗೈ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ.

"ಸಿಕ್ತೇನ್ರೀ?"

"ಸಿಕ್ತು ಕಣೇ."

"ಕೊಂಡೀನಾ?"

"ಅಲ್ಲ. ನನ್ನ ಉಚ್ಚೆ ಕಾಯಿಸ್ತಿದ್ದ ನಳಿಕೆ."

"ಥೂ! ಮೊಮ್ಮಗಳ ತೊಟ್ಲು ಕಟ್ಟೋ ಹೊತ್ನಾಗೆ ಅದನ್ಯಾಕ್ರೀ ಕೈಯಾಗೆ ಹಿಡ್ಕಂಡ್ರಿ? ಇಳೀರಿ ಕೆಳಕ್ಕೆ!"

ಇಳಿಯಲಿಲ್ಲ. ಆ ನಳಿಕೆ ಇಲ್ಲದಿದ್ದರೆ ತೊಟ್ಟಿಲು ಕಟ್ಟಲು ನಾನೇ ಇರುತ್ತಿರಲಿಲ್ಲ. ಅವಳಿಗೂ ಅದು ಗೊತ್ತು. ಗೊತ್ತಿರುವುದರಿಂದಲೇ ಅಷ್ಟು ಜೋರಾಗಿ ಬೈದಳು.

ನಾನು ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾಲ್ಕನೇ ಕ್ಲಾಸಿನ ತನಕ ಓದಿದೆ. ಐದನೆಯದಕ್ಕೆ ಮೇಷ್ಟ್ರು ಬೇಡ ಅಂದರೋ ನಾನು ಬೇಡ ಅಂದೆನೋ ಈಗ ನೆನಪಿಲ್ಲ, ಇಬ್ಬರಿಗೂ ಬೇಜಾರಾಗಲಿಲ್ಲ ಅನ್ನುವುದು ಮಾತ್ರ ನೆನಪಿದೆ. ತುಮಕೂರಿಗೆ ಬಂದು ಶಿರಾ ಗೇಟಿನಲ್ಲಿ ಪಂಕ್ಚರ್ ಅಂಗಡಿ ಹಾಕಿದೆ. ಮೊದಲು ಸೈಕಲ್, ಆಮೇಲೆ ಲಾರಿ. ಪಂಕ್ಚರಿನ ಕೆಲಸ ನಿಮಗೆ ಗೊತ್ತೇ ಇದೆ. ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು, ಗುಳ್ಳೆ ಎದ್ದ ಕಡೆ ತೂತು. ಉಜ್ಜಿ, ಸಲೂಷನ್ ಹಚ್ಚಿ, ಪ್ಯಾಚು ಒತ್ತಿದರೆ ಮುಗಿಯಿತು.

ಸೈಕಲ್ಲಿನ ಟೈರಿನಿಂದ ನಾನು ಕಿತ್ತು ತೆಗೆಯುತ್ತಿದ್ದುದು ಮೊಳೆಗಿಂತ ಹೆಚ್ಚಾಗಿ ನೆಗ್ಗಿಲ ಮುಳ್ಳು. ನೆಲಕ್ಕೆ ಅಂಟಿಕೊಂಡು ಹಬ್ಬುವ ಸಣ್ಣ ಎಲೆಯ ಗಿಡ ಅದು, ಹಳದಿ ಹೂವು. ನೋಡಿದರೆ ಪಾಪದ ಗಿಡ. ಕಾಯಿ ಮಾತ್ರ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಮಾಡಿಕೊಂಡೇ ಕೂರುತ್ತದೆ. ಹುಡುಗರಾಗಿದ್ದಾಗ ಬರಿಗಾಲಿನಲ್ಲಿ ಹೊಲದ ಬದುವಿನ ಮೇಲೆ ಓಡುತ್ತಿದ್ದ ನಾವು ಅದು ಚುಚ್ಚಿದಾಗ ಕುಂಟಿ, ಕಿತ್ತು, ಎಂಜಲು ಹಚ್ಚಿ ಮತ್ತೆ ಓಡುತ್ತಿದ್ದೆವು. ಹಿಂದೆ ಬರುವ ಗೆಳೆಯನಿಗೆ ಹೇಳುತ್ತಿರಲಿಲ್ಲ. ಅವನು ಕುಂಟುವುದನ್ನು ನೋಡುವ ಸುಖವೇ ಬೇರೆ. ದೊಡ್ಡವನಾದ ಮೇಲೆ ಆ ಮುಳ್ಳೇ ನನಗೆ ಅನ್ನ ಹಾಕಿತು.

ಎಪ್ಪತ್ತರ ದಶಕದ ಶುರುವಿನಲ್ಲಿ ನನ್ನ ಅವ್ವ ಊರಿನಿಂದ ನಮ್ಮ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ನಿಂತು ನೆಲವನ್ನೇ ನೋಡುತ್ತಿದ್ದಾಳೆ.

"ಏನವ್ವ, ಕಿವಿಯೋಲೆ ಬಿದ್ದೋಯ್ತಾ?"

"ಬಾ ಇಲ್ಲಿ. ನೀನ್ ಉಚ್ಚೆ ಉಯ್ದ ಜಾಗಕ್ಕೆ ಇರುವೆ ಮುತ್ತವೆ ಕಣ್ಲಾ." ಸೆರಗು ಬಾಯಿಗೆ ಹೋಯಿತು. "ನಿಮ್ಮಣ್ಣಂಗೂ ಹಿಂಗೇ ಮುತ್ತಿದ್ವು."

ನಮ್ಮಣ್ಣ ಹಿಂದಿನ ವರ್ಷ ತೀರಿಕೊಂಡಿದ್ದ. ಮೊದಲು ಪಾದ ಊದಿತು, ಆಮೇಲೆ ಮುಖ. ಕನ್ನಡಿ ನೋಡಿಕೊಂಡು "ದಪ್ಪ ಆಗಿದೀನಿ, ಚೆನ್ನಾಗಿದೀನಿ" ಅನ್ನುತ್ತಿದ್ದ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ, ಸಕ್ಕರೆ ಕಾಯಿಲೆ ಕಿಡ್ನಿಯನ್ನು ತಿಂದುಹಾಕಿದೆ ಅಂದರು. ಸಕ್ಕರೆ ಕಾಯಿಲೆ ಇತ್ತು ಅನ್ನುವುದೇ ನಮಗೆ ಆವತ್ತು ಗೊತ್ತಾಯಿತು.

ಅವ್ವ ಆ ಬೆಳಿಗ್ಗೆಯೇ ನನ್ನನ್ನು ಡಾಕ್ಟರ ಹತ್ತಿರ ಅಟ್ಟಿದಳು. ಡಾಕ್ಟರು ದೊಡ್ಡ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ನಳಿಕೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ನನ್ನ ಉಚ್ಚೆಯ ನಾಲ್ಕು ತೊಟ್ಟು ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ನನ್ನದು ಹಸಿರಿಗೆ ತಿರುಗಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನನಗೆ ಇಂದ್ರಜಾಲ ನೋಡಿದಷ್ಟು ಖುಷಿ. ಡಾಕ್ಟರಿಗೆ ಖುಷಿ ಆಗಲಿಲ್ಲ. ಇನ್ನೊಂದು ನಳಿಕೆಯಲ್ಲಿ ಬರೀ ಉಚ್ಚೆಯನ್ನೇ ತುಂಬಿ ಮೇಲ್ಭಾಗ ಮಾತ್ರ ಕಾಯಿಸಿದರು. ಅಲ್ಲಿ ಮೋಡ ಕಟ್ಟಿದಂತೆ ಬೆಳ್ಳಗಾಯಿತು.

"ನೋಡಪ್ಪ, ಇದು ಎರಡನೇ ತಂಟೆ. ಒಳಗೆ ಉಳೀಬೇಕಾದ್ದು ಹೊರಗೆ ಬರ್ತಾ ಇದೆ. ಕಿಡ್ನಿ ಸೋರೋಕೆ ಶುರುವಾಗಿದೆ."

"ಸೋರ್ತಾ ಇದ್ರೆ ಒಂದು ಪ್ಯಾಚ್ ಹಾಕ್ಬುಡಿ ಸಾರ್."

"ಇದಕ್ಕೆ ಪ್ಯಾಚ್ ಇಲ್ಲ. ಲೋಡು ಕಡಿಮೆ ಮಾಡಬಹುದು, ಅಷ್ಟೆ. ಸಿಹಿ ಬಿಡಬೇಕು, ಉಪ್ಪು ಕಡಿಮೆ ಮಾಡಬೇಕು, ಮಾತ್ರೆ ತಪ್ಪಿಸಬಾರದು."

"ಎಷ್ಟು ವರ್ಷ ಓಡುತ್ತೆ ಸಾರ್ ಹಿಂಗೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಕ್ಕಳೆಷ್ಟು?" ಅಂದರು. ಒಬ್ಬಳೇ ಮಗಳು, ಒಂದನೇ ಕ್ಲಾಸು ಅಂದೆ. ಮತ್ತೆ ಕನ್ನಡಕ ಒರೆಸಿಕೊಂಡರು. ಆಗಲೇ ಒರೆಸಿದ ಕನ್ನಡಕ ಅದು!

ನನಗೆ ಎಲ್ಲಿತ್ತೋ ಸಿಟ್ಟು. "ನೀವು ಹೇಳ್ದಿದ್ರೂ ನಾನ್ ಹೇಳ್ತೀನಿ. ಆ ನನ್ನ ಮಗಳಿಗೆ ಮದುವೆ ಮಾಡಿ, ಅವಳು ಹೆತ್ತ ಮಗೀನ ನನ್ನ ತೊಡೆ ಮೇಲೆ ಕುಂಡ್ರಿಸ್ಕಂಡೇ ನಾನ್ ಹೋಗೋದು. ಬರ್ಕಳಿ ಸಾರ್ ಚೀಟೀಲಿ!"

"ಚೀಟೀಲಿ ನಾನು ಮಾತ್ರೆ ಮಾತ್ರ ಬರೆಯೋದು" ಎಂದು ಡಾಕ್ಟರು ಮೊದಲನೆಯ ಸಲ ನಕ್ಕರು.

ಗೌರಮ್ಮನ ತೌರು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಹಿಂದಿನ ಊರು. ಅಲ್ಲಿ ನಾಟಿ ಔಷಧಿ ಕೊಡುವ ಒಬ್ಬ ಪಂಡಿತರಿದ್ದರು. ಅವಳು ಮಾತ್ರೆಯ ಪೊಟ್ಟಣ ನೋಡಿದ ಮಾರನೆಯ ದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿದಳು. ಪಂಡಿತರು ನನ್ನ ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಪಾದ ಒತ್ತಿದರು.

"ನೇರಳೆ ಬೀಜದ ಪುಡಿ, ಅದು ಸಕ್ಕರೆಗೆ. ಸೋರೋದಕ್ಕೆ ನೆಗ್ಗಿಲು ಮುಳ್ಳಿನ ಕಷಾಯ. ಬೆಳಿಗ್ಗೆ ಸಂಜೆ ಕುಡೀಬೇಕು."

ನಾನು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಗೌರಮ್ಮ ತೊಡೆ ಚಿವುಟಿದರೂ ನಿಲ್ಲಲಿಲ್ಲ. ಊರಿಗೆಲ್ಲ ಪಂಕ್ಚರ್ ಮಾಡುವ ಮುಳ್ಳು ನನ್ನ ಪಂಕ್ಚರ್ ಮುಚ್ಚುತ್ತದಂತೆ!

"ನಗ್ತೀಯಾ? ನಗು. ಆದ್ರೆ ಆ ಇಂಗ್ಲಿಷ್ ಮಾತ್ರೆ ಇವತ್ತೇ ಬಿಡ್ಬೇಕು. ಎರಡೂ ಒಟ್ಟಿಗೆ ಆಗಲ್ಲ."

ತುಮಕೂರಿಗೆ ಬಂದು ಡಾಕ್ಟರಿಗೆ ಹೇಳಿದರೆ ಅವರದೂ ಅದೇ ಹಟ. "ಆ ಮುಳ್ಳು ಗಿಳ್ಳು ಎಲ್ಲಾ ಬಿಡು. ಎರಡೂ ಒಟ್ಟಿಗೆ ಆಗಲ್ಲ."

ಇಬ್ಬರು ಸೇರಿ ನನ್ನನ್ನು ಎಳೆದಾಡಿದರೆ ನಾನು ಯಾರ ಕಡೆಗೂ ಹೋಗುವವನಲ್ಲ. "ಸಾರ್, ಲಾರಿಗೆ ಹಿಂದ್ಗಡೆ ಜೋಡಿ ಚಕ್ರ ಯಾಕಿರುತ್ತೆ? ಒಂದು ಕೂತ್ರೆ ಇನ್ನೊಂದು ಹೊರ್ಲಿ ಅಂತ. ಮಾತ್ರೇನೂ ನುಂಗ್ತೀನಿ, ಕಷಾಯಾನೂ ಕುಡೀತೀನಿ. ಬೈಯ್ಯೋದಿದ್ರೆ ಈಗ್ಲೇ ಬೈದುಬುಡಿ" ಅಂದೆ. ಡಾಕ್ಟರು ಬೈಯಲಿಲ್ಲ. ಬೀರುವಿನಿಂದ ಈ ಗಾಜಿನ ನಳಿಕೆ ಮತ್ತು ಒಂದು ಬಾಟಲಿ ನೀಲಿ ನೀರು ತೆಗೆದು ಕೊಟ್ಟರು. "ನನ್ನ ಮಾತೂ ಬೇಡ, ಪಂಡಿತರ ಮಾತೂ ಬೇಡ. ಇದು ಹೇಳಿದ್ದು ಕೇಳ್ತೀಯಾ? ಆರು ತಿಂಗಳು ನೋಡು. ಬಣ್ಣ ಇಳೀದಿದ್ರೆ ಕಷಾಯ ಚೆಲ್ಲಬೇಕು." ಒಪ್ಪಿಕೊಂಡೆ. ಪಂಡಿತರಿಗೂ ಸುದ್ದಿ ಮುಟ್ಟಿಸಿದೆ. "ಹಂಗಾದ್ರೆ ನನ್ನ ಕೈಗುಣ ಕೇಳಂಗಿಲ್ಲ" ಎಂದು ಹೇಳಿ ಕಳಿಸಿದರು.

ಅಲ್ಲಿಂದ ನಮ್ಮ ಮನೆ ಔಷಧಿ ಕಾರ್ಖಾನೆಯಾಯಿತು. ನನ್ನ ಅಂಗಡಿಯಲ್ಲಿ ಟೈರಿನಿಂದ ಕಿತ್ತ ಮುಳ್ಳು ಒಂದು ಡಬ್ಬಿ ತುಂಬ ಇತ್ತು. ಅದನ್ನೇ ಮನೆಗೆ ತಂದೆ. "ಊರ ಸಗಣಿ ಎಲ್ಲ ತುಳ್ದಿರೋ ಮುಳ್ಳು! ಇದನ್ನ ಕುದ್ಸಿ ಕುಡ್ದು ಸಾಯ್ತೀರಾ?" ಎಂದು ಗೌರಮ್ಮ ಡಬ್ಬಿಯನ್ನು ಬೀದಿಗೆ ಎಸೆದಳು. ಎದುರು ಮನೆಯವರ ಸೈಕಲ್ ಸಂಜೆಯೇ ನನ್ನ ಅಂಗಡಿಗೆ ಬಂತು. ಆಮೇಲೆ ಅವ್ವ ಊರಿನ ಬದುವಿನಿಂದ ಒಳ್ಳೆಯ ಮುಳ್ಳು ಬಿಡಿಸಿ ತಂದಳು. ಬಂದವಳು ನಮ್ಮ ಮನೆಯಲ್ಲೇ ಉಳಿದಳು. ಒಬ್ಬ ಮಗನನ್ನು ಕಳೆದುಕೊಂಡವಳು, ಇನ್ನೊಬ್ಬನ ಕಷಾಯವನ್ನು ಸೊಸೆಯ ಕೈಗೂ ಬಿಡಲೊಲ್ಲಳು. ನೇರಳೆ ಹಣ್ಣಿನ ಕಾಲದಲ್ಲಿ ಗೌರಮ್ಮ ಬೀದಿಯ ಮಕ್ಕಳನ್ನು ಸಾಲಾಗಿ ಜಗಲಿ ಮೇಲೆ ಕೂರಿಸಿ ಬುಟ್ಟಿಗಟ್ಟಲೆ ಹಣ್ಣು ತಿನ್ನಿಸುತ್ತಿದ್ದಳು. ಷರತ್ತು ಒಂದೇ, ಬೀಜ ತಟ್ಟೆಗೆ ಉಗಿಯಬೇಕು. ಬೀದಿಯ ಮಕ್ಕಳ ನಾಲಿಗೆಯೆಲ್ಲ ನೀಲಿ, ನನಗೆ ಅವರು ಉಗಿದ ಬೀಜ. ತೊಳೆದು, ಒಣಗಿಸಿ, ಕುಟ್ಟಿ ಕೊಡುತ್ತಿದ್ದಳು ಅನ್ನಿ. ಆದರೂ ಆ ಪುಡಿ ಬಾಯಿಗೆ ಹಾಕಿಕೊಳ್ಳುವಾಗ ಮೂಗು ಸುರಿಸುವ ಒಂದೊಂದು ಮಗುವಿನ ಮುಖವೂ ಕಣ್ಣ ಮುಂದೆ ಬರುತ್ತಿತ್ತು.

ನಳಿಕೆಯನ್ನು ಅಂಗಡಿಯಲ್ಲಿ ಇಟ್ಟಿದ್ದೆ. ಸ್ಟೌವಿನ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಿದ್ದೆ. ಎದುರಿನ ಟೀ ಅಂಗಡಿಯ ರಂಗಪ್ಪನಿಗೆ ಅದು ದಿನಾ ಬೆಳಗಿನ ನಾಟಕ.

"ಏನಣ್ಣೋ, ಬಟ್ಟೆಗೆ ನೀಲಿ ಕಾಯಿಸ್ತಿದೀಯಾ?"

"ನಿನ್ ಟೀಗಿಂತ ಚೆನ್ನಾಗೈತೆ, ಕುಡೀತೀಯೇನ್ಲಾ?"

"ಬ್ಯಾಡಪ್ಪ. ಆದ್ರೆ ನಮ್ಮಂಗ್ಡಿ ಬೆಲ್ಲ ಖಾಲಿ ಆದ್ರೆ ನಿನ್ನೇ ಕರೀತೀನಿ, ಬಂದು ಪಾತ್ರೆಗೆ ಉಯ್ದೋಗು!"

ಲಾರಿಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ನಗು ಇರಲಿಲ್ಲ. ಯಾಕೆಂದರೆ ಬಣ್ಣ ಇಳಿಯುತ್ತಲೇ ಇರಲಿಲ್ಲ. ಟೀಗೆ ಸಕ್ಕರೆ ಬಿಟ್ಟಿದ್ದೆ, ಹಬ್ಬದಲ್ಲಿ ಹೋಳಿಗೆ ಬಿಟ್ಟಿದ್ದೆ, ಪ್ರಾಣವಾಗಿದ್ದ ಉಪ್ಪಿನಕಾಯಿಯನ್ನೂ ಬಿಟ್ಟಿದ್ದೆ. ಮಾತ್ರೆ ನುಂಗುತ್ತಿದ್ದೆ, ಕಷಾಯ ಕುಡಿಯುತ್ತಿದ್ದೆ. ನಳಿಕೆ ಮಾತ್ರ ಇಟ್ಟಿಗೆ ಭಟ್ಟಿಯಂತೆ ಕೆಂಪಗೇ ನಗುತ್ತಿತ್ತು. ಒಂದು ಸಂಜೆ ಕೈ ಕಾಲು ತೊಳೆದುಕೊಂಡು ಕೂತವನು ಕಣಕಾಲಿಗೆ ಹೆಬ್ಬೆರಳು ಒತ್ತಿ ನೋಡಿದೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಅಣ್ಣನ ಕಾಲಿನಲ್ಲಿ ಇದ್ದದ್ದೂ ಅಂಥದೇ ಗುಳಿ. ಸುಜಾತ ಪಕ್ಕದಲ್ಲೇ ಕೂತು ಮಗ್ಗಿ ಓದುತ್ತಿದ್ದಳು. ಲುಂಗಿ ಕೆಳಗೆ ಎಳೆದುಕೊಂಡೆ.

ಆರು ತಿಂಗಳು ಮುಗಿದಾಗ ಡಾಕ್ಟರ ಹತ್ತಿರ ಹೋದೆ. ಕಷಾಯ ಚೆಲ್ಲಿಸುತ್ತಾರೆ ಎಂದು ಗೊತ್ತಿದ್ದ ಅವ್ವ, ಅವರನ್ನು ನಾನೇ ವಿಚಾರಿಸಿಕೊಳ್ಳುತ್ತೇನೆ ಎಂದು ಕಷಾಯದ ಚೊಂಬಿನ ಸಮೇತ ಹಿಂದೆಯೇ ಹೊರಟಳು.

ನಳಿಕೆ ಕೆಂಪಾಯಿತು. ಮೋಡವೂ ಕಟ್ಟಿತು. "ನೋಡಿದ್ಯಾ? ಮಾತು ಕೊಟ್ಟಂಗೆ ಕಷಾಯ ನಿಲ್ಲಿಸು" ಅಂದರು ಡಾಕ್ಟರು.

"ಅದ್ಯಾಕ್ ನಿಲ್ಸಾದು?" ಅವ್ವ ಎದ್ದು ನಿಂತಳು. "ನಿಮ್ಮ ಮಾತ್ರೇನೇ ಸರಿ ಇಲ್ಲ. ನಾನು ಹೊತ್ತಿಗ್ ಸರ್ಯಾಗಿ ಕುಡುಸ್ತಿವ್ನಿ. ಬೇಕಾದ್ರೆ ನಿಮ್ಮ ಕಣ್ಣೆದುರ್ಗೇ ಕುಡುಸ್ತೀನಿ, ನೋಡ್ಕಳಿ!"

ಡಾಕ್ಟರು ಕುರ್ಚಿಗೆ ಒರಗಿ, "ಕುಡಿಸಮ್ಮ, ನೋಡೇ ಬಿಡೋಣ" ಅಂದರು.

ಅವ್ವ ಚೊಂಬಿನಿಂದ ಲೋಟಕ್ಕೆ ಬಗ್ಗಿಸಿದಳು. ನಾನು ಕಣ್ಣು ಮುಚ್ಚಿ ಗಟಗಟ ಕುಡಿದೆ. ಮುಖ ಹಿಂಡಿದೆ. ಬಾಯಿ ತೆರೆದೆ. ಅವ್ವ ಸೆರಗಿನ ಗಂಟು ಬಿಚ್ಚಿ, ನೆಲ್ಲಿಕಾಯಿ ಗಾತ್ರದ ಅಚ್ಚು ಬೆಲ್ಲದ ಚೂರೊಂದನ್ನು ನನ್ನ ಬಾಯಿಗೆ ಹಾಕಿದಳು. ನಾನು ಚಪ್ಪರಿಸಿದೆ.

ಡಾಕ್ಟರು ಕುರ್ಚಿಯಿಂದ ಎದ್ದರು. "ಏನಮ್ಮ ಅದು?"

"ಬೆಲ್ಲ."

"ದಿನಾ ಕೊಡ್ತೀಯಾ?"

"ಇನ್ನೇನ್ ಮತ್ತೆ? ಬೆಳಿಗ್ಗೇನೂ ಸಂಜೇನೂ. ಕಹಿ ಕುಡ್ದ ಬಾಯ್ಗೆ ಒಂಚೂರು ಬೆಲ್ಲ ಹಾಕ್ದೆ ಇರಾಕೆ ನಾನೇನು ಇವ್ನ ಮಲತಾಯಾ?"

ನೀವು ನಗಬೇಡಿ. ನಿಮ್ಮ ಮನೆಯಲ್ಲೂ ಇದೇ ಕ್ರಮ ಇತ್ತು. ಬೇವಿನ ರಸವೋ, ನೆಲಬೇವಿನ ಕಷಾಯವೋ ಕುಡಿದ ಮಗುವಿನ ಬಾಯಿಗೆ ಬೆಲ್ಲ ಹಾಕದೆ ಯಾವ ತಾಯಿ ಲೋಟ ತೊಳೆದಿದ್ದಾಳೆ? ಅದು ತಿನ್ನುವ ಲೆಕ್ಕಕ್ಕೇ ಬರುವುದಿಲ್ಲ. ಕಾಲು ತೊಳೆದ ಮೇಲೆ ಒರೆಸಿಕೊಂಡ ಹಾಗೆ, ಔಷಧಿಯ ಕೊನೆಯ ಭಾಗ ಅದು. ಸಿಹಿ ಬಿಟ್ಟಿದ್ದೀಯಾ ಎಂದು ಡಾಕ್ಟರು ಪ್ರತಿ ಸಲವೂ ಕೇಳಿದ್ದರು. ಬಿಟ್ಟಿದ್ದೇನೆ ಎಂದು ನಾನು ಪ್ರತಿ ಸಲವೂ ಎದೆ ತಟ್ಟಿ ಹೇಳಿದ್ದೆ. ಬಾಯಿ ತುಂಬ ಬೆಲ್ಲದ ವಾಸನೆ ಇಟ್ಟುಕೊಂಡೇ ಹೇಳಿದ್ದೆ, ನನ್ನ ಜಾಣತನಕ್ಕೆ ಏನು ಹೇಳಲಿ!

ಡಾಕ್ಟರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಅವ್ವನಿಗೆ ವಿಷಯ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಅವಳ ಮುಖ ನೋಡಲಾಗಲಿಲ್ಲ. ಸೆರಗಿನ ಬೆಲ್ಲವನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಸುರಿದಳು. "ದೊಡ್ಡೋನ್ಗೂ ನಾನೇ ಕೊಡ್ತಿದ್ದೆ" ಅಂದಳು. ಅಷ್ಟೇ. ಡಾಕ್ಟರ ನಗು ಅಲ್ಲಿಗೆ ನಿಂತಿತು. ಅವರು ಎದ್ದು ಬಂದು ಅವ್ವನ ಮುಂದೆ ನಿಂತು, "ಅವನ ಕಾಯಿಲೆ ಬೆಲ್ಲದಿಂದ ಬಂದಿದ್ದಲ್ಲಮ್ಮ. ಗೊತ್ತಾದದ್ದು ತಡವಾಯ್ತು. ಇವನದು ತಡವಾಗಿಲ್ಲ" ಅಂದರು. ಆ ಮಾತಿಗಾಗಿ ಅವರ ಮೇಲಿದ್ದ ನನ್ನ ಸಿಟ್ಟನ್ನೆಲ್ಲ ಅಲ್ಲೇ ಬಿಟ್ಟುಕೊಟ್ಟೆ. ಕಷಾಯಕ್ಕೆ ಇನ್ನೂ ಆರು ತಿಂಗಳ ವಾಯಿದೆಯನ್ನೂ ಕೊಟ್ಟರು.

ಅವ್ವ ಮನೆಗೆ ಬಂದವಳು ಅಳುತ್ತ ಕೂರಲಿಲ್ಲ. ಕಹಿ ಬಾಯಿಗೆ ಏನೂ ಹಾಕದೆ ಕಳಿಸುವುದು ಅವಳಿಂದ ಸಾಧ್ಯವೇ ಇರಲಿಲ್ಲ. ಎರಡು ದಿನ ಯೋಚನೆ ಮಾಡಿದಳು. ಮೂರನೆಯ ದಿನ ಕಷಾಯ ಕುಡಿದು ಬಾಯಿ ತೆರೆದರೆ, ನಾಲಿಗೆಯ ಮೇಲೆ ಕಪ್ಪಗೆ ಒಣಗಿದ ಏನೋ ಬಿತ್ತು. ನೆಲ್ಲಿಚೆಟ್ಟು!

"ಅವ್ವ, ಕಹಿ ಮೇಲೆ ಒಗರು ಹಾಕ್ತೀಯಲ್ಲ, ಸಾಯ್ಸಬೇಕು ಅಂತಿದೀಯಾ?"

"ಮುಚ್ಕಂಡು ಅಗೀಲಾ. ಈಗ ನೀರ್ ಕುಡಿ."

ಕುಡಿದೆ. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬರೀ ನಲ್ಲಿ ನೀರು ಗಂಟಲಿನಲ್ಲಿ ಸಿಹಿಯಾಗಿ ಇಳಿಯಿತು. ನನ್ನ ಮುಖ ಅರಳಿದ್ದನ್ನು ನೋಡಿ ಅವ್ವ, "ಹೇಳೋಗು ನಿಮ್ಮ ಡಾಕ್ಟ್ರಿಗೆ, ನನ್ನ ಮಗನ ಬಾಯ್ ಸಿಹಿ ಮಾಡಕ್ಕೆ ನಂಗೆ ಬೆಲ್ಲ ಬೇಕಾಗಿಲ್ಲ ಅಂತ" ಅಂದಳು.

ಅದಾದ ಮೇಲೆ ನಳಿಕೆ ದಾರಿಗೆ ಬಂತು. ಇಟ್ಟಿಗೆ ಹೋಗಿ ಹಳದಿ, ಹಳದಿ ಹೋಗಿ ಹಸಿರು. ಮೊದಲನೆಯ ಸಲ ನೀಲಿ ನೀಲಿಯಾಗೇ ಉಳಿದ ಬೆಳಿಗ್ಗೆ ನಾನು ಇಕ್ಕಳದ ಸಮೇತ ರಸ್ತೆ ದಾಟಿ ರಂಗಪ್ಪನ ಮೂಗಿನ ಕೆಳಗೆ ಹಿಡಿದೆ. "ಈಗ ಬೆಲ್ಲಕ್ಕೆ ಕರಿಯೋ ನೋಡ್ತೀನಿ!" ಅವನು ಮೂಗು ಹಿಡಿದುಕೊಂಡು, ಮೂರು ಜನಕ್ಕೆ ಪುಕ್ಕಟೆ ಟೀ ಕೊಟ್ಟ. ನನಗೆ ಸಕ್ಕರೆ ಇಲ್ಲದ್ದು.

ಮೋಡ ಮಾತ್ರ ಪೂರ್ತಿ ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಹೋಗಿಲ್ಲ. ತೆಳ್ಳಗಾಯಿತು, ಅಲ್ಲೇ ನಿಂತಿತು. ಕಾಲಿನ ಗುಳಿ ಮುಚ್ಚಿತು. ಆ ಡಾಕ್ಟರು ಊರು ಬಿಟ್ಟು ಹೋದರು, ಪಂಡಿತರು ಕಾಲವಾದರು, ಈಗ ನಳಿಕೆಯ ಬದಲು ಬಣ್ಣ ಬದಲಾಗುವ ಕಾಗದದ ಪಟ್ಟಿ ಬಂದಿದೆ. ಅಂತರಸನಹಳ್ಳಿ ಫ್ಯಾಕ್ಟರಿಗಳ ಕಡೆಯಿಂದ ಸ್ಕೂಟರ್ ತಳ್ಳಿಕೊಂಡು ಬರುವವರು ಪ್ಯಾಚು ಒಣಗುವ ತನಕ ಕೂತು, "ನಮ್ಮಪ್ಪಂಗೂ ಸಕ್ಕರೆ ಐತೆ, ಆ ಮುಳ್ಳು ಒಂದಿಷ್ಟು ಕೊಡಿ ಯಜಮಾನ್ರೇ" ಎಂದು ಕೇಳುತ್ತಾರೆ. ಮುಳ್ಳು ಕೊಡುವುದಿಲ್ಲ. ಮೊದಲು ಉಚ್ಚೆ ಕಾಯಿಸಿಕೊಂಡು ಬಾ, ಡಾಕ್ಟರು ಏನಂದರು ಹೇಳು, ಆಮೇಲೆ ಮುಳ್ಳಿನ ಮಾತು ಅನ್ನುತ್ತೇನೆ. ನಿನ್ನನ್ನು ಉಳಿಸಿದ್ದು ಯಾವುದು, ಮಾತ್ರೆಯೋ ಮುಳ್ಳೋ ಬೆಲ್ಲ ಬಿಟ್ಟದ್ದೋ ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ನನಗೆ ಗೊತ್ತಿಲ್ಲ ಸ್ವಾಮಿ. ಬೆಟ್ಟ ಹತ್ತಿದ ಲಾರಿಯನ್ನು ನಿಲ್ಲಿಸಿ, ಯಾವ ಚಕ್ರ ಹತ್ತಿಸಿತು ಹೇಳು ಎಂದು ಕೇಳಿದರೆ ಅದೇನು ಹೇಳೀತು? ಮೂರನ್ನೂ ಬಿಡುವುದಿಲ್ಲ. ಬಿಡಿಸಲು ಬಂದವರನ್ನೂ ಬಿಡುವುದಿಲ್ಲ.

ಕೊಂಡಿ ಕೊನೆಗೂ ಸಿಕ್ಕಿತು. ನಿನ್ನೆ ನಾಮಕರಣ ಆಯಿತು. ಮನೆ ತುಂಬ ಜನ. ನಾನು ಹೊಸ ಪಂಚೆ ಉಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುಮನೆಯಲ್ಲಿ ಕೂತಿದ್ದೆ. ರಂಗಪ್ಪ ಎಲೆಯಲ್ಲಿ ಹೋಳಿಗೆ ಹಿಡಿದುಕೊಂಡು ಬಂದ.

"ಇವತ್ತೊಂದಿನ ತಿನ್ನಣ್ಣ. ಮೊಮ್ಮಗಳ ನಾಮಕರಣ, ಏನೂ ಆಗಲ್ಲ."

"ಆಸ್ಪತ್ರೆಯಿಂದ ಬಂದ್ಮೇಲೂ ನಮ್ಮಣ್ಣಂಗೆ ಜನ ಇವತ್ತೊಂದಿನ, ಇವತ್ತೊಂದಿನ ಅಂತಾನೇ ತಿನ್ಸಿದ್ದು. ನೀನ್ ತಿನ್ನೋ, ನಿನ್ ಇರುವೆ ನಾಳೆ ನೋಡನ" ಅಂದೆ. ಅವನು ನಗುತ್ತ ತಾನೇ ತಿಂದ. ಎಂಬತ್ತು ದಾಟಿದ ಅವ್ವ ಮೂಲೆಯಿಂದ ಕೈ ಚಾಚಿದಳು. ಅಂಗೈಯಲ್ಲಿ ನೆಲ್ಲಿಚೆಟ್ಟು.

ಅದನ್ನು ಬಾಯಿಗೆ ಹಾಕಿಕೊಂಡು ನೀರಿನ ಲೋಟ ಎತ್ತುವ ಹೊತ್ತಿಗೆ ತೊಡೆಯ ಮೇಲೆ ಬೆಚ್ಚಗಾಯಿತು. ಮೊಮ್ಮಗಳು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತ, ಯಾವ ಅವಸರವೂ ಇಲ್ಲದೆ ಹೊಸ ಪಂಚೆಯ ಉದ್ದಕ್ಕೂ ಹುಯ್ಯುತ್ತಿದ್ದಳು. ಹೆಂಗಸರೆಲ್ಲ ಓಡಿ ಬಂದರು.

"ಅಯ್ಯೋ, ಹೊಸಾ ಪಂಚೆ! ಕೊಡ್ರೀ ಮಗೀನ, ಎದ್ದು ಬದಲಾಯ್ಸಿ" ಎಂದಳು ಗೌರಮ್ಮ.

"ಕೊಡಲ್ಲ. ಏಳಲ್ಲ."

"ಏನ್ ಮೊಂಡಾಟನಪ್ಪ ನಿಮ್ದು!"

ಮೂಲೆಯಿಂದ ಅವ್ವನ ದನಿ ಬಂತು. "ಲೇ ಮಗಾ, ಇರುವೆ ಬತ್ತವಾ ನೋಡ್ಲಾ."

ಸುಜಾತ ನನ್ನ ಮುಖ ನೋಡಿದಳು. ನಾನು ಬಗ್ಗಿ, ಪಂಚೆಯಿಂದ ಇಳಿದು ಸಾರಿಸಿದ ನೆಲದ ಮೇಲೆ ಹರಿದಿದ್ದ ನೀರನ್ನು ಉದ್ದಕ್ಕೂ ನೋಡಿದೆ.

"ಇಲ್ಲ ಕಣವ್ವ. ಒಂದೂ ಇಲ್ಲ."

"ಅಂಗಾದ್ರೆ ಕುಂತ್ಕ" ಅಂದಳು ಅವ್ವ.

ಕೂತೆ. ಪಂಚೆ ಮೈಮೇಲೇ ಆರುವ ತನಕ ಕೂತೇ ಇದ್ದೆ.